ತೋಟದ ಜನ

ಅವರ ನೆತ್ತಿಯ ಮೇಲೆ, ಹಣೆಯಿಂದ ನಾಲ್ಕು ಬೆರಳು ಹಿಂದೆ, ಕೂದಲೇ ಇಲ್ಲದ ಒಂದು ಪಟ್ಟಿ ಈ ಕಿವಿಯ ಮೇಲಿಂದ ಆ ಕಿವಿಯ ಮೇಲಿನವರೆಗೆ ಹಾಯ್ದಿತ್ತು. ಒಂದು ಬೆರಳಿನಷ್ಟು ಅಗಲ. ಅಲ್ಲಿಯ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನಂತೆ ಗಡುಸಾಗಿ ಮಿರುಗುತ್ತಿತ್ತು. ಬೆಳಿಗ್ಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುವಾಗ ಮುಂದಿನ ಕೂದಲನ್ನು ಹಿಂದಕ್ಕೆಳೆದು ಅದನ್ನು ಮುಚ್ಚುತ್ತಿದ್ದರು. ಒಲೆಯ ಮುಂದೆ ಅರ್ಧ ಗಂಟೆ ಕೂತು ಬೆವೆತರೆ ಮತ್ತೆ ಕಾಣಿಸುತ್ತಿತ್ತು. ನಾನು ಮೊದಲು ಅದೇನೋ ಚರ್ಮದ ಕಾಯಿಲೆಯೆಂದು ಹೆದರಿ ಅವ್ವನ ಕಿವಿಯಲ್ಲಿ ಹೇಳಿದ್ದೆ. ಆಮೇಲೆ ಗೊತ್ತಾಯಿತು. ಹನ್ನೆರಡನೆಯ ವಯಸ್ಸಿನಿಂದ ಸುಮಾರು ಇಪ್ಪತ್ತು ವರ್ಷ, ಟೀ ಎಲೆಯ ಬುಟ್ಟಿಯನ್ನು ಹಗ್ಗದಲ್ಲಿ ನೆತ್ತಿಗೆ ತೂಗುಹಾಕಿ ಬೆನ್ನಿಗೆ ಇಳಿಬಿಟ್ಟುಕೊಂಡು ಗುಡ್ಡ ಹತ್ತಿ ಇಳಿದ ಗುರುತು ಅದು.

ಊರವರು ಅವರನ್ನು ಸಿಲೋನಮ್ಮ ಎಂದರು. ನಾನು ಸಿಲೋನಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು ಪಾಪಾ ಎಂದು. ನನಗಾಗ ಹದಿನೆಂಟು ತುಂಬಿತ್ತು, ಪಾಪಾ ಎನ್ನಿಸಿಕೊಳ್ಳಲು ನಾಚಿಕೆಯಾಗುತ್ತಿತ್ತು. ಅವರ ಭಾಷೆಯಲ್ಲಿ ಅದು ಮುದ್ದಿನ ಮಾತು ಎಂದು ತಿಳಿದ ಮೇಲೆ ಸುಮ್ಮನಾದೆ.

ಎಪ್ಪತ್ತರ ದಶಕದ ನಡುವಿನ ಮಾತು. ಚನ್ನಗಿರಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಬೀದಿಗೆ ಮುಖಮಾಡಿದ ನಡುಮನೆಯಲ್ಲಿ ಎರಡು ಸಾಲು ಮಣೆ ಹಾಕಿ ಶುರುಮಾಡಿದ್ದು. ಕಚೇರಿಗಳ ಗುಮಾಸ್ತರು, ಹೈಸ್ಕೂಲಿನ ಮಾಸ್ತರು, ಮಂಡಿಗೆ ಅಡಿಕೆ ತಂದ ಹಳ್ಳಿಗರು, ಎಲ್ಲ ಸೇರಿ ಮಧ್ಯಾಹ್ನ ನಲವತ್ತು ಜನರಾಗುತ್ತಿದ್ದರು. ಜೋಳದ ರೊಟ್ಟಿ, ಎರಡು ಪಲ್ಯ, ಚಟ್ನಿಪುಡಿ, ಅನ್ನ, ಸಾರು, ಮಜ್ಜಿಗೆ. ನಮ್ಮವರ ಮನೆ, ನಮ್ಮವರ ಕೈಯ ಅಡುಗೆ ಎಂಬ ನಂಬಿಕೆಯ ಮೇಲೆ ಜನ ಬರುತ್ತಿದ್ದರು. ಆ ನಂಬಿಕೆಯೇ ನಮ್ಮ ಬಂಡವಾಳ. ಬಂದವರು ವಿಭೂತಿ ಹಚ್ಚಿಕೊಂಡು ಕೂರುತ್ತಿದ್ದರು.

ಆ ವರ್ಷ ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಅವ್ವ ಮತ್ತು ನಾನು, ಇಬ್ಬರೇ. ನಾನು ಪಿಯುಸಿ ಮುಗಿಸಿ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿ ಕಾದಿದ್ದೆ. ಅವ್ವನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಅಂಥ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಹುಡುಗಿ. ಹೆಂಗಸು ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿದ್ದಳು. ಭಿಕ್ಷೆಗೆ ಬಂದವಳೆಂದು ನಾನು ಒಳಗಿಂದ ಒಂದು ಮುಷ್ಟಿ ಅಕ್ಕಿ ತಂದೆ.

"ಇದು ಬೇಡ," ಎಂದಳು. "ಕೆಲಸ."

ಮುಂದೆ ಒಮ್ಮೆ ಅವರೇ ಹೇಳಿದರು: "ಕೆಲಸ ಕೇಳುವಾಗ ಕೈ ಕಟ್ಟಿ ನಿಲ್ಲಬಾರದು ಪಾಪಾ. ಕೈ ತೋರಿಸಬೇಕು. ಮುಖ ನೋಡಿ ಯಾರೂ ಕೆಲಸ ಕೊಡಲ್ಲ." ಆ ಕೈಗಳನ್ನು ಅವತ್ತು ಅವ್ವನೂ ನೋಡಿದಳು. ಹೆಬ್ಬೆರಳು, ತೋರುಬೆರಳುಗಳ ತುದಿಗಳು ಕಪ್ಪಾಗಿ, ಬಿರಿದು, ಬಿರುಕಿನೊಳಗೆಲ್ಲ ಎಲೆಯ ರಸ ಇಳಿದು ನಿಂತಿತ್ತು.

"ಎಲ್ಲಿಯವಳವ್ವಾ ನೀನು?" ಅವ್ವ ಕೇಳಿದಳು.

"ಸಿಲೋನ್."

"ಅದೆಲ್ಲಿ ಬರ್ತತೆ? ಶಿವಮೊಗ್ಗದ ಆಚೆಗಾ?"

"ಸಮುದ್ರದ ಆಚೆ ಅವ್ವಾ, ಲಂಕೆ," ಎಂದೆ ನಾನು.

"ರಾವಣನ ಊರಾ!" ಅವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. ಆಮೇಲೆ ನಮ್ಮ ಕಡೆ ಯಾರೇ ಹೊಸಬರು ಬಂದರೂ ಕೇಳುವ ಮಾತು ಕೇಳಿದಳು. "ಯಾವ ಜನ ನೀವು?"

ಹೆಂಗಸು ಮಗಳನ್ನು ಹತ್ತಿರಕ್ಕೆಳೆದುಕೊಂಡಳು. "ತೋಟದ ಜನ ಅಮ್ಮಾ."

ಅವ್ವನ ಮುಖ ಸಡಿಲಾಯಿತು. ನಮ್ಮ ಕಡೆ ತೋಟದ ಜನ ಎಂದರೆ ಅಡಿಕೆ ತೋಟ ಇರುವವರು. ತೋಟ ಇರುವವರೆಂದರೆ ಬಹುಮಟ್ಟಿಗೆ ನಮ್ಮವರು, ಅಲ್ಲದಿದ್ದರೆ ನಮ್ಮಂಥವರು.

"ದೊಡ್ಡ ತೋಟವಾ?"

"ದೊಡ್ಡದು ಅಮ್ಮಾ. ಗುಡ್ಡ ಗುಡ್ಡವೇ ತೋಟ. ಅಲ್ಲೇ ಹುಟ್ಟಿದ್ದು."

"ಅಯ್ಯೋ ಪಾಪ, ಅಷ್ಟು ಬಿಟ್ಟು ಬಂದಾರಲ್ಲ," ಎಂದಳು ಅವ್ವ ನನ್ನ ಕಡೆ ತಿರುಗಿ. "ರೊಟ್ಟಿ ಬಡಿಯಾಕೆ ಬರ್ತತಾ?"

"ರೊಟ್ಟಿ ಬರುತ್ತೆ."

ಸಿಲೋನಿನ ಟೀ ತೋಟಗಳಲ್ಲಿ ರೊಟ್ಟಿಯೆಂದರೆ ಮೈದಾಹಿಟ್ಟಿಗೆ ಕಾಯಿತುರಿ ಸೇರಿಸಿ ದಪ್ಪಗೆ ಸುಡುವುದು. ಜೋಳದ ಹಿಟ್ಟನ್ನು ಅವರು ಕಂಡೇ ಇರಲಿಲ್ಲ. ಅವ್ವ ಮಣೆ ಕೊಟ್ಟು ಕೂರಿಸಿದಳು. ಬಡಿದ ಮೊದಲ ರೊಟ್ಟಿ ಹಂಚಿಗೆ ಹೋಗುವ ಮೊದಲೇ ನಾಲ್ಕು ಚೂರಾಯಿತು. ಎರಡನೆಯದೂ ಹಾಗೇ. ಅವ್ವ ನಕ್ಕು, "ಆಗಲ್ಲ ಬಿಡವ್ವಾ," ಎಂದಳು. ಆಕೆ ಏಳಲಿಲ್ಲ. "ನಾಳೆ ಬರುತ್ತೆ," ಎಂದರು. ಅವತ್ತು ಒಲೆಯ ಪಕ್ಕ ಕೂತು ಅವ್ವನ ಕೈಯನ್ನೇ ನೋಡಿದರು. ಹಿಟ್ಟಿಗೆ ಕುದಿಯುವ ನೀರು ಎಷ್ಟು, ಹಿಟ್ಟನ್ನು ಎಷ್ಟು ಹೊತ್ತು ನಾದಬೇಕು, ಅಂಗೈಯ ಯಾವ ಭಾಗ ಬೀಳಬೇಕು, ಎಲ್ಲ. ಸಂಜೆ ಕೇಳದೆಯೇ ಪಾತ್ರೆ ತಿಕ್ಕಿ, ಒಂದು ಬೊಗಸೆ ಹಿಟ್ಟು ಕೇಳಿ ಇಸಿದುಕೊಂಡು ಹಿತ್ತಲಲ್ಲಿ ಕಲ್ಲಿನ ಮೇಲೆ ಬಡಿಬಡಿದು ಕಲಿತರು. ಐದನೆಯ ದಿನ ಅವರ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಹದಿನೈದು ದಿನದಲ್ಲಿ ನಮ್ಮ ಊಟದವರು ಅವ್ವನನ್ನು ಹೊಗಳತೊಡಗಿದರು. ಕಚೇರಿಯೊಂದರ ಗುಮಾಸ್ತರು, ತಿಂಗಳ ಲೆಕ್ಕದಲ್ಲಿ ಎರಡು ಹೊತ್ತೂ ನಮ್ಮಲ್ಲೇ ಉಣ್ಣುತ್ತಿದ್ದ ಮೆತ್ತಗಿನ ಮನುಷ್ಯ, ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಅವ್ವಾರೆ, ಹಾಳೆ ಇದ್ದಂಗೆ ಐತೆ ನೋಡ್ರಿ," ಎಂದಿದ್ದರು.

ಹಿತ್ತಲಲ್ಲಿ ಸೌದೆ ಇಡುವ ಕೋಣೆಯಲ್ಲಿ ತಾಯಿ ಮಗಳಿಗೆ ಜಾಗವಾಯಿತು.

ಅವರ ಕತೆ ನನಗೆ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. ರೊಟ್ಟಿ ಬಡಿಯುವ ನಡುವೆ ತುಂಡು ತುಂಡಾಗಿ, ತಮಿಳಿನೊಳಗೆ ನಮ್ಮ ಚನ್ನಗಿರಿಯ ಮಾತು ಬೆರೆಸಿ ಹೇಳುತ್ತಿದ್ದರು. ಅವರ ತಾತನನ್ನು ಯಾರೋ ತಮಿಳು ಸೀಮೆಯಿಂದ ಸಿಲೋನಿನ ಗುಡ್ಡಕ್ಕೆ ಕೂಲಿಗೆ ಕರೆದೊಯ್ದಿದ್ದರಂತೆ. ಅಪ್ಪ ಅಲ್ಲೇ ಹುಟ್ಟಿದ, ಇವರೂ ಅಲ್ಲೇ ಹುಟ್ಟಿದರು. ಒಂದು ದಿನ, ನೀವು ಈ ದೇಶದವರಲ್ಲ, ನಿಮ್ಮ ದೇಶ ಇಂಡಿಯಾ, ಎಂದು ಕಾಗದ ಬಂತು. ಹಡಗು ಹತ್ತಿಸಿದರು. ರಾಮೇಶ್ವರದ ಕಡೆ ಒಂದು ಶಿಬಿರ. ಅಲ್ಲಿಂದ ಒಂದು ನೂಲಿನ ಗಿರಣಿಗೆ ಕೆಲಸದ ಚೀಟಿ. ಗಿರಣಿಯ ಬಾಗಿಲಲ್ಲಿ ಒಂಬತ್ತು ದಿನ ಕೂತರೂ ಚೀಟಿಯನ್ನು ಯಾರೂ ಓದಲಿಲ್ಲ. ಗಂಡನ ದೂರದ ನೆಂಟರು ಭದ್ರಾವತಿಯಲ್ಲಿದ್ದರು. ಅಲ್ಲಿಗೆ ಬಂದರೆ ಹದಿನೈದು ದಿನಕ್ಕೆ ನೆಂಟಸ್ತಿಕೆ ಮುಗಿಯಿತು. ಗಂಡ ಸೂಳೆಕೆರೆ ಕಡೆ ಕಾಲುವೆಯ ಹೂಳೆತ್ತುವ ಕೆಲಸಕ್ಕೆ ಸೇರಿದ. ಗುಡ್ಡದ ಚಳಿಯಲ್ಲಿ ಬೆಳೆದ ಮೈ, ನಮ್ಮ ಏಪ್ರಿಲ್ ಬಿಸಿಲು ತಡೆಯಲಿಲ್ಲ. ಜ್ವರ ಬಂತು. ನಾಲ್ಕನೆಯ ದಿನ ಸತ್ತ.

"ಅವರಿಗೆ ಕೆಲಸ ಸಿಕ್ಕಿ ಹನ್ನೊಂದು ದಿನ ಆಗಿತ್ತು," ಎನ್ನುತ್ತಿದ್ದರು. ಸತ್ತದ್ದಕ್ಕಿಂತ, ಕೆಲಸ ಸಿಕ್ಕ ಮೇಲೆ ಸತ್ತದ್ದು ಅವರಿಗೆ ಹೆಚ್ಚು ಅನ್ಯಾಯವಾಗಿ ಕಂಡಿತ್ತು.

ಆಮೇಲೆ ಮಗಳ ಕೈಹಿಡಿದು ಚನ್ನಗಿರಿಗೆ ನಡೆದು ಬಂದರು. ಹಿಟ್ಟಿನ ಗಿರಣಿ, ಮಂಡಿ, ಛತ್ರ, ಮನೆಮನೆ ತಿರುಗಿದರು. ಎಲ್ಲ ಕಡೆ ಮೊದಲು ಕೇಳಿದ್ದು ಯಾವ ಜನ ಅಂತಲೇ. ನಿನಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲವಂತೆ. ನಮ್ಮವ್ವ ಎರಡನ್ನೂ ಕೇಳಿದಳು ಎಂದು ಅವರಿಗೆ ಅವ್ವನ ಮೇಲೆ ಬಹಳ ಗೌರವ.

ಅವರ ಬೆರಳುಗಳ ವೇಗ ನೋಡುವಂಥದ್ದು. ಮೆಂತ್ಯದ ಸೊಪ್ಪನ್ನು ಮುಂದೆ ಹಾಕಿದರೆ ಎರಡೂ ಕೈ ಬೇರೆಬೇರೆಯಾಗಿ, ಕಣ್ಣಿನ ಹಂಗಿಲ್ಲದೆ ಓಡುತ್ತಿದ್ದವು. ನಾನು ಒಂದು ಕಟ್ಟು ಬಿಡಿಸುವಷ್ಟರಲ್ಲಿ ಅವರದು ಐದು ಆಗಿರುತ್ತಿತ್ತು. ಟೀ ಕುಡಿಯುವುದು ಹಾಲಿಲ್ಲದೆ, ಬೆಲ್ಲದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನಡುನಡುವೆ ನಾಲಿಗೆ ತಾಗಿಸಿ. ಅವ್ವ ಪೇಟೆಯಿಂದ ತಂದ ಟೀ ಪುಡಿಯನ್ನು ಮೂಸಿ ನೋಡಿ ಅವರು ನಗುತ್ತಿದ್ದರು. "ಇದು ಫ್ಯಾಕ್ಟರಿ ನೆಲ ಗುಡಿಸಿದ್ದು. ಒಳ್ಳೇದು ನಾವು ಕಿತ್ತಿದ್ದು." ಹಾಗಾದರೆ ಒಳ್ಳೆಯ ಟೀ ಹೇಗಿರುತ್ತದೆ ಎಂದು ಕೇಳಿದೆ. "ಯಾರಿಗೆ ಗೊತ್ತು? ನಮಗೂ ಗುಡಿಸಿದ್ದೇ ಕೊಡ್ತಿದ್ದದ್ದು," ಎಂದರು. ಅವರು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹುಡುಗಿಗೆ ನಾನು ಅಕ್ಷರ ಕಲಿಸಿದೆ. ಬೇಗ ಹಿಡಿಯುವ ಮಗು. ಜೂನಿನಲ್ಲಿ ಶಾಲೆಗೆ ಸೇರಿಸಿದೆ. ಹೊರಗಿನಿಂದ ಬಂದ ಬಡವರ ಮಕ್ಕಳಿಗೆ ಬಟ್ಟೆ, ಪುಸ್ತಕ, ಮುಂದೆ ಹಾಸ್ಟೆಲು ಸಿಗಬಹುದು, ಕಚೇರಿಗೆ ಒಂದು ಅರ್ಜಿ ಕೊಡಿ, ಎಂದು ಯಾರೋ ಹೇಳಿದರು. ಅರ್ಜಿ ಬರೆಯುವುದೆಂದರೆ ನನಗೆ ಹಬ್ಬ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಹಿತ್ತಲ ಕಟ್ಟೆಯಲ್ಲಿ ಸಿಲೋನಕ್ಕನನ್ನು ಕೂರಿಸಿಕೊಂಡು ಒಂದೊಂದೇ ಕೇಳುತ್ತ ತುಂಬಿದೆ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು.

"ಜಾತಿ ಅಂತ ಐತೆ ಅಕ್ಕಾ. ಏನು ಬರೀಲಿ?"

"ಅದು ಬಿಟ್ಟುಬಿಡಿ ಪಾಪಾ."

"ಬಿಟ್ರೆ ಅರ್ಜಿ ತಗಳಲ್ಲ. ಮಗಳು ಓದೋದು ಬ್ಯಾಡೇನು?"

ಅವರು ಬಾವಿಯ ಹತ್ತಿರ ಆಡುತ್ತಿದ್ದ ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು. ಮೆಲ್ಲಗೆ, ಆದರೆ ಸ್ಪಷ್ಟವಾಗಿ. "ಅಮ್ಮನಿಗೆ ಹೇಳಬೇಡಿ," ಎಂದರು.

ಇದನ್ನು ಮುಚ್ಚಿಡದೆ ಬರೆಯಬೇಕು. ನನಗೇ ಗೊತ್ತಿಲ್ಲದೆ ಅಂಗೈಯಿಂದ ಬಾಯಿ ಒರೆಸಿಕೊಂಡೆ. ಆಗತಾನೇ ಅವರ ಕೈಯ ರೊಟ್ಟಿ ತಿಂದಿದ್ದೆ. ಮರುಕ್ಷಣವೇ ನನ್ನ ಬಗ್ಗೆ ನನಗೆ ಹೆಮ್ಮೆ ಬಂತು. ಅಸ್ಪೃಶ್ಯತೆಯ ಮೇಲೆ ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳು ನಾನು. ನಾನು ಅವ್ವನಂಥವಳಲ್ಲ, ನನಗೆ ಇದೆಲ್ಲ ಇಲ್ಲ, ಅಂದುಕೊಂಡೆ. ದುಂಡಗಿನ ಅಕ್ಷರದಲ್ಲಿ ಆ ಪದವನ್ನು ಬರೆದೆ. ಲಕೋಟೆಯಲ್ಲಿ ಹಾಕಿ, ಮಾರನೆಯ ದಿನ, ಆ ಕಚೇರಿಯಲ್ಲೇ ಇದ್ದ ನಮ್ಮ ತಿಂಗಳ ಲೆಕ್ಕದ ಗುಮಾಸ್ತರಿಗೆ ಮಜ್ಜಿಗೆ ಬಡಿಸುತ್ತ ಅವರ ಕೈಗೇ ಕೊಟ್ಟೆ. "ನಮ್ಮ ಕೆಲಸದವರ ಮಗಳದು ಸರ್, ಸ್ವಲ್ಪ ಬೇಗ ಮಾಡಿಸಿಕೊಡ್ರಿ." ಅರ್ಜಿ ಕಚೇರಿಯ ಕಾಗದ, ಕಚೇರಿಯೊಳಗೇ ಇರುತ್ತದೆ ಎಂದು ತಿಳಿದಿದ್ದೆ. ಅದನ್ನು ಓದುವವರೇ ನಮ್ಮ ಮನೆಯಲ್ಲಿ ಉಣ್ಣುವವರು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಮಾರನೆಯ ಮಧ್ಯಾಹ್ನ ಎರಡೂ ಸಾಲು ತುಂಬಿತ್ತು. ಗುಮಾಸ್ತರು ಬಂದರು. ಮೆಟ್ಟು ಬಿಡಲಿಲ್ಲ, ಹೊಸಲು ದಾಟಲಿಲ್ಲ.

"ಅವ್ವಾರೆ, ಒಳಗೆ ರೊಟ್ಟಿ ಬಡಿಯೋದು ಯಾರು ಅಂತ ಗೊತ್ತೈತಾ ನಿಮಗೆ?"

ಅವ್ವ ಪಲ್ಯದ ಪಾತ್ರೆ ಹಿಡಿದು ನಿಂತಿದ್ದಳು. "ಸಿಲೋನಿನೋರು. ತೋಟದ ಜನ."

"ತೋಟದ ಜನ!" ಅವರು ಆ ಪದ ಹೇಳಿದರು. ನಾನು ದುಂಡಗೆ ಬರೆದದ್ದನ್ನು ಅವರು ನಡುಮನೆಗೆಲ್ಲ ಕೇಳುವಂತೆ ಹೇಳಿದರು. "ನಿಮ್ಮ ಮಗಳೇ ಬರೆದುಕೊಟ್ಟಾಳೆ. ಸುಳ್ಳಾದ್ರೆ ಕೇಳ್ರಿ."

ಯಾರೂ ಕೂಗಾಡಲಿಲ್ಲ. ಮಣೆಗಳು ಒಂದೊಂದಾಗಿ ಸರಿದವು. ಒಬ್ಬರು ಚರಂಡಿಯ ಬಳಿ ಹೋಗಿ ಗಂಟಲಿಗೆ ಬೆರಳು ಹಾಕಿ ಕಾರಿಕೊಂಡರು. ಒಬ್ಬ ಮಾಸ್ತರು ತಮ್ಮ ಎಲೆಯನ್ನು ತಾವೇ ಎತ್ತಿ ಹೊರಗೆಸೆದು, ಅವ್ವನ ಮುಖ ನೋಡದೆ ಹೋದರು. ಅವ್ವ ಪಾತ್ರೆಯನ್ನು ಕೆಳಗಿಟ್ಟು ಅಡುಗೆಮನೆಗೆ ಬಂದಳು. ಹಿಂದೆ ನಾನು.

ಸಿಲೋನಕ್ಕನಿಗೆ ಎಲ್ಲ ಕೇಳಿಸಿತ್ತು. ಆದರೂ ಕೈ ನಿಂತಿರಲಿಲ್ಲ. ಅಂಗೈಯ ಕೆಳಗೆ ಒಂದು ರೊಟ್ಟಿ ಅಗಲವಾಗುತ್ತಿತ್ತು, ಹಂಚಿನ ಮೇಲೆ ಒಂದು ಉಬ್ಬುತ್ತಿತ್ತು.

"ಏಳು," ಎಂದಳು ಅವ್ವ. ಆಮೇಲೆ ಹೊರಗಿನವರಿಗೆ ಕೇಳುವಂತೆ ದನಿ ಎತ್ತಿದಳು. "ಮೊದಲೇ ಹೇಳಾಕೆ ಏನಾಗಿತ್ತು ನಿಂಗೆ? ನನ್ನ ಮನಿ ತೊಳೆದುಬಿಟ್ಟೆಲ್ಲ!"

"ಕೇಳಿದ್ದಕ್ಕೆ ಹೇಳಿದೆ ಅಮ್ಮಾ. ತೋಟದ ಜನ." ಅಷ್ಟೇ. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದೀತೆಂದು ತೆಗೆದು ಬುಟ್ಟಿಗೆ ಹಾಕಿದರು. ಕೈ ತೊಳೆದರು. ಸೌದೆ ಕೋಣೆಯಿಂದ ಗಂಟು ತಂದರು. ಶಾಲೆಯಿಂದ ಮಗಳನ್ನು ಕರೆದುಕೊಂಡು ಹೋಗಬೇಕಿತ್ತು, ಅದಕ್ಕೇ ಅವಸರ. ಹಿತ್ತಲ ಬಾಗಿಲಲ್ಲಿ ತಿರುಗಿ ನಿಂತರು.

"ಹಿಟ್ಟು ನಾದಿ ಇಟ್ಟಿದೀನಿ ಅಮ್ಮಾ. ಒಣಗೋದ್ರೊಳಗೆ ಬಡೀರಿ."

ನಾನು ಬಾಗಿಲವರೆಗೆ ಹೋಗಲಿಲ್ಲ. ಬಹುಮಾನದ ಪ್ರಬಂಧ ಬರೆದ ಹುಡುಗಿ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಆ ಹಿಟ್ಟನ್ನೂ ಬುಟ್ಟಿಯ ರೊಟ್ಟಿಯನ್ನೂ ಪಕ್ಕದ ಮನೆಯ ಎಮ್ಮೆಗೆ ಹಾಕಿದೆವು.

ಮೂರು ದಿನ ಬಾಗಿಲು ಹಾಕಿ, ನೆಲ ಸಾರಿಸಿ, ಮಡಕೆ ಒಡೆದು, ಅಯ್ನೋರನ್ನು ಕರೆಸಿ ತೀರ್ಥ ಚಿಮುಕಿಸಿದ ಮೇಲೆ ಜನ ಒಬ್ಬೊಬ್ಬರಾಗಿ ತಿರುಗಿ ಬಂದರು. ಗುಮಾಸ್ತರೂ ಬಂದರು. ಒಂದು ತಿಂಗಳ ಮೇಲೆ ಅವರೇ ಅರ್ಜಿಯನ್ನು ಹಿಂದಕ್ಕೆ ತಂದುಕೊಟ್ಟರು. ಅರ್ಜಿದಾರರು ಈ ರಾಜ್ಯದ ಮೂಲನಿವಾಸಿಗಳಲ್ಲದ ಕಾರಣ ಅವರ ಜಾತಿಯನ್ನು ದೃಢೀಕರಿಸಲು ಬರುವುದಿಲ್ಲ ಎಂದು ಹಿಂಬರಹವಿತ್ತು. ನಮ್ಮ ನಡುಮನೆಯಲ್ಲಿ ಊಟಕ್ಕೆ ಕೂತ ನಲವತ್ತು ಜನಕ್ಕೂ ಅವರ ಜಾತಿ ಗೊತ್ತಿತ್ತು. ಕಾಗದಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ಮೂರು ವರ್ಷ ಕಳೆಯಿತು. ನಾನು ಟ್ರೇನಿಂಗ್ ಮುಗಿಸಿ, ಚಿತ್ರದುರ್ಗ ಜಿಲ್ಲೆಗೆ ಅರ್ಜಿ ಹಾಕಿ, ಜಗಳೂರು ಸೀಮೆಯ ಒಂದು ಹಳ್ಳಿಗೆ ಟೀಚರಾಗಿ ಹೋದೆ. ಕರಿ ನೆಲ, ಹತ್ತಿ ಹೊಲ, ಗಾಳಿ. ಹತ್ತಿ ಬಿಡಿಸುವ ಕಾಲಕ್ಕೆ ಹೊರಗಿನಿಂದ ಕೂಲಿಯ ಗುಂಪುಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ನಾನು ಬಾಡಿಗೆಗಿದ್ದ ಮನೆಯ ಒಡತಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಸಿಲೋನಮ್ಮನ ಗುಂಪು ಬಂದೈತಂತೆ. ಆಕಿ ಕೈ ಏನು ಓಡ್ತತೆ ಅಂತಿ!"

ಸಂಜೆ ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋದೆ. ದೂರದಿಂದಲೇ ಆ ಎರಡು ಕೈಗಳು ಕಂಡವು. ಸೊಂಟಕ್ಕೆ ಸೀರೆಯ ಮಡಿಲು ಕಟ್ಟಿ, ಬಗ್ಗದೆ, ಗಿಡದ ಎರಡೂ ಪಕ್ಕದ ಹತ್ತಿಯನ್ನು ಒಟ್ಟಿಗೇ ಬಿಡಿಸುತ್ತ ಬರುತ್ತಿದ್ದರು. ನನ್ನನ್ನು ನೋಡಿದರು. ಕೈ ನಿಲ್ಲಿಸಲಿಲ್ಲ.

"ಹೆಂಗಿದೀರಿ ಪಾಪಾ? ಅಮ್ಮ ಆರಾಮಾ? ರೊಟ್ಟಿ ಯಾರು ಬಡೀತಾರೆ ಈಗ?"

ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದನ್ನೂ ಆಡಲಿಲ್ಲ. ಅವರ ಸಾಲಿನ ಪಕ್ಕ ನಡೆಯುತ್ತ ಅವರು ಹೇಳಿದ್ದನ್ನು ಕೇಳಿದೆ. ಚನ್ನಗಿರಿಯಿಂದ ಹೊನ್ನಾಳಿಗೆ ಹೋದರಂತೆ. ಹೊಳೆ ಪಕ್ಕದ ಗದ್ದೆಗಳಲ್ಲಿ ನಾಟಿ. ಕೆಸರಲ್ಲಿ ನಿಂತು ಗೊತ್ತಿಲ್ಲದ ಕಾಲು. ಮಿಕ್ಕವರ ಸಾಲು ಮುಂದೆ ಹೋದರೆ ಇವರು ಗದ್ದೆಯ ನಡುವೆ ಒಬ್ಬರೇ ಉಳಿಯುತ್ತಿದ್ದರು. ಬೆರಳ ಸಂದಿಯೆಲ್ಲ ಕೆಸರುಹುಣ್ಣು. ಮೂರನೆಯ ದಿನ ಗದ್ದೆಯವರು ಬೇಡವೆಂದರು. ನ್ಯಾಮತಿಯಲ್ಲಿ ಸಂತೆಯ ಕಸ ಗುಡಿಸಿದರು, ಒಂದು ಮನೆಯ ಕೊಟ್ಟಿಗೆ ಬಳಿದರು. ಅಷ್ಟರಲ್ಲಿ ಒಂದು ಉಪಾಯ ಕಲಿತಿದ್ದರು. "ಯಾರೂ ಕೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ ಪಾಪಾ, ಇಂಥ ಜನ ಅಂತ. ಬೇಗ 'ಇಲ್ಲ' ಅಂದ್ರೆ ಬೇಗ ಮುಂದಿನ ಬಾಗಿಲಿಗೆ ಹೋಗಬಹುದು." ನ್ಯಾಮತಿಯ ಸಂತೆಯಲ್ಲೇ ಜಗಳೂರಿಗೆ ಹತ್ತಿ ಬಿಡಿಸಲು ಹೊರಟ ಗುಂಪೊಂದು ಸಿಕ್ಕಿತು. ಹತ್ತಿ ಗಿಡದ ಎತ್ತರ ಟೀ ಗಿಡದಷ್ಟೇ. ಹೊಲಕ್ಕೆ ಕಾಲಿಟ್ಟ ದಿನ ಅಳು ಬಂತು ಎಂದರು. ಇಂಡಿಯಾಕ್ಕೆ ಬಂದ ಮೇಲೆ ಅವರ ಕೈಗೆ ಗೊತ್ತಿದ್ದ ಕೆಲಸ ಅದೇ ಮೊದಲು. ಮೂರು ವರ್ಷದಲ್ಲಿ ಗುಂಪೇ ಅವರ ಹಿಂದೆ ನಡೆಯತೊಡಗಿತ್ತು.

ನಾನು ತಂದಿದ್ದ ನೀರಿನ ತಂಬಿಗೆ ಬದುವಿನ ಮೇಲಿತ್ತು. ಕುಡಿಯಿರಿ ಎಂದು ಚಾಚಿದೆ. ಅವರು ತಂಬಿಗೆ ಮುಟ್ಟಲಿಲ್ಲ. ಬಗ್ಗಿ ಬಾಯಿಗೆ ಬೊಗಸೆ ಒಡ್ಡಿ ನಿಂತರು.

"ಅಕ್ಕಾ, ಬ್ಯಾಡ. ತಂಬಿಗೇನೇ ತಗಳ್ರಿ."

"ಹುಯ್ಯಿರಿ ಪಾಪಾ. ಅಲ್ಲಿ ತೋಟದಲ್ಲಿ ನಲ್ಲಿ ಇತ್ತು, ಎಲ್ಲರಿಗೂ ಒಂದೇ. ಇದು ನಿಮ್ಮ ದೇಶದಲ್ಲಿ ಕಲಿತದ್ದು. ರೊಟ್ಟಿ ಕಲಿತೆ, ಹತ್ತಿ ಕಲಿತೆ, ಇದನ್ನೂ ಕಲಿತೆ."

ಆ ಗುಂಪಿನವರೆಲ್ಲ ನೋಡುತ್ತಿದ್ದರು. ನಾನು ಹುಯ್ದೆ.

ಮಗಳು ಪಕ್ಕದ ಸಾಲಿನಲ್ಲಿದ್ದಳು. ಹನ್ನೆರಡು ವರ್ಷವಾಗಿತ್ತು. ನಮ್ಮ ಮನೆಯಿಂದ ಹೊರಟ ಆ ಮಧ್ಯಾಹ್ನ ಶಾಲೆ ಬಿಟ್ಟವಳು ತಿರುಗಿ ಸೇರಿರಲಿಲ್ಲ. ಗುಂಪು ಇರುವಷ್ಟು ದಿನ ಕಳಿಸಿ ಎಂದು ಬೇಡಿಕೊಂಡೆ. "ದಾಖಲೆಗೆ ಹೆಸರು ಬೇಡ," ಎಂದರು ಅವರು. "ಸುಮ್ಮನೆ ಕೂರಿಸಿಕೊಳ್ಳಿ. ಏನೂ ಬರೀಬೇಡಿ." ಆ ವರ್ಷ ನಾಲ್ಕು ತಿಂಗಳು, ಮುಂದಿನ ವರ್ಷ ಮೂರು ತಿಂಗಳು, ಅದರ ಮುಂದಿನ ವರ್ಷ ಇನ್ನಷ್ಟು ದಿನ ಆ ಹುಡುಗಿ ನನ್ನ ತರಗತಿಯ ಕೊನೆಯ ಸಾಲಿನಲ್ಲಿ ಕೂತು ಓದಿದಳು. ಹಾಜರಿ ಪುಸ್ತಕದಲ್ಲಿ ಅವಳಿಲ್ಲ. ಅವಳ ಅಕ್ಷರ ಮಾತ್ರ ನನ್ನದೇ, ದುಂಡಗೆ.

ಮೂರನೆಯ ವರ್ಷ ಸಿಲೋನಕ್ಕ ಕೆಮ್ಮುತ್ತಿದ್ದರು. ಹತ್ತಿಯ ಕಾಲ ಮುಗಿದ ಮೇಲೆ ಅರಳೆ ಹಿಂಜುವ ಕಡೆ ಕೆಲಸಕ್ಕೆ ಹೋಗುತ್ತಿದ್ದರಂತೆ. ಆ ಧೂಳು. ತೋರಿಸಿಕೊಳ್ಳಿ ಎಂದೆ. "ತೋರಿಸಿದ್ರೆ ಕೆಲಸಕ್ಕೆ ಹೋಗಬೇಡ ಅಂತಾರೆ," ಎಂದರು. ಮುಂದಿನ ವರ್ಷ ಗುಂಪು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಎಂಬತ್ತರ ದಶಕ ಆಗಲೇ ಮೂರ್ನಾಲ್ಕು ವರ್ಷ ಕಳೆದಿತ್ತು. ಒಂದು ದಿನ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಬಂತು. ನನ್ನದೇ ಅಕ್ಷರದಲ್ಲಿ ನನಗೇ ಯಾರೋ ಬರೆದ ಹಾಗಿತ್ತು.

"ಅಕ್ಕಾ ಅವರಿಗೆ ನಮಸ್ಕಾರ. ಅಮ್ಮ ತೀರಿಕೊಂಡರು. ನಾವು ಅಡಿಕೆ ಸುಲಿಯಲು ಸೂಳೆಕೆರೆ ಕಡೆ ಬಂದಿದ್ದೆವು. ಮಣ್ಣು ಮಾಡಲು ಜಾಗ ಕೇಳಿದಾಗ ಈ ಊರಿನವರು ಯಾವ ಜನ ಎಂದು ಕೇಳಿದರು. ನಾನೇ ಹೇಳಿದೆ. ಅವರ ಜಾಗ ಬೇರೆ, ಇವರ ಜಾಗ ಬೇರೆ, ನೀವು ಹೊರಗಿನವರು, ಯಾರ ಜಾಗವೂ ನಿಮ್ಮದಲ್ಲ ಎಂದರು. ಕಾಲುವೆ ಪಕ್ಕ ಮಣ್ಣು ಮಾಡಿದೆವು. ಎಲ್ಲಾದರೂ ಕೆಲಸ ಇದ್ದರೆ ತಿಳಿಸಿ. ಓದಲು ಬರೆಯಲು ಬರುತ್ತದೆ. ಯಾವ ಕೆಲಸವಾದರೂ ಸರಿ."

ಊರಿನ ಹೆಸರು ಕೆಳಗಿತ್ತು. ಚನ್ನಗಿರಿಯಿಂದ ಒಂದು ಗಂಟೆಯ ದಾರಿ. ಅದೇ ದಿನ ರಜೆ ಬರೆದಿಟ್ಟು ಬಸ್ಸು ಹತ್ತಿದೆ. ರಾತ್ರಿ ಚನ್ನಗಿರಿಯಲ್ಲಿ ಇಳಿದು, ಅವ್ವನಿಗೆ ಕಾರ್ಡು ಓದಿ ಹೇಳಿದೆ. ಖಾನಾವಳಿ ನಿಂತು ವರ್ಷವಾಗಿತ್ತು, ಅವ್ವನ ಬಲಗೈ ಮೇಲೇಳುತ್ತಿರಲಿಲ್ಲ. ಅವಳು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು.

"ನಂಗೆ ಗೊತ್ತಿತ್ತು."

"ಏನು?"

"ಆಕಿ ಬಂದ ಎರಡನೇ ವಾರಕ್ಕೇ ಗೊತ್ತಾಗಿತ್ತು. ತೋಟ ಇದ್ದೋರ ನೆತ್ತಿ ಹಂಗಿರ್ತತಾ? ರೊಟ್ಟಿ ಚೆನ್ನಾಗಿ ಬಡೀತಿದ್ಲು. ಸುಮ್ಮನಿದ್ದೆ."

"ಮತ್ಯಾಕವ್ವಾ ಎಬ್ಬಿಸಿ ಕಳಿಸ್ದೆ?"

"ಜನಕ್ಕೆ ಗೊತ್ತಾತಲ್ಲ," ಎಂದಳು ಅವ್ವ. ಅದಕ್ಕಿಂತ ಹೆಚ್ಚಿನ ಕಾರಣ ಅವಳಿಗೂ ಬೇಕಿರಲಿಲ್ಲ, ನಮ್ಮ ಊರಿಗೂ ಬೇಕಿರಲಿಲ್ಲ. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಆ ಊರಿಗೆ ಹೋದೆ. ಸುಲಿಯುವವರ ಚಪ್ಪರ ಖಾಲಿ. ಗುಂಪು ನಾಲ್ಕು ದಿನದ ಹಿಂದೆ ಹೊನ್ನಾಳಿ ಕಡೆ ಹೋಗಿತ್ತು. ಕಾರ್ಡು ನನ್ನ ಕೈಸೇರಲು ಎಂಟು ದಿನ ತೆಗೆದುಕೊಂಡಿತ್ತು. ಮುಂದೆ ಎರಡು ರಜೆಗಳಲ್ಲಿ ಹೊನ್ನಾಳಿ, ನ್ಯಾಮತಿ, ನಡುವಿನ ಹಳ್ಳಿಗಳನ್ನೆಲ್ಲ ಹುಡುಕಿದೆ. ಕೂಲಿಗೆ ಬಂದು ಹೋಗುವವರ ಹೆಸರನ್ನು ಯಾರು ಇಟ್ಟುಕೊಂಡಿರುತ್ತಾರೆ? ಸಿಗಲಿಲ್ಲ. ಈಗ ಅವಳು ತಾಯಿ ಸತ್ತಾಗಿನ ವಯಸ್ಸನ್ನು ದಾಟಿರಬೇಕು. ಒಂದು ಕೆಲಸ ಕೇಳಿ ನನಗೆ ಬರೆದಿದ್ದಳು, ಅದಕ್ಕೆ ನನ್ನ ಉತ್ತರ ಇನ್ನೂ ಹೋಗಿಲ್ಲ.

ಆ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನಡೆದು ಮಣ್ಣಿನ ಗುಡ್ಡೆಯನ್ನು ಹುಡುಕಿದೆ. ಮಳೆಗೆ ಆಗಲೇ ಅರ್ಧ ಕುಸಿದಿತ್ತು. ತಲೆಯ ಕಡೆ ಗುರುತಿಗೊಂದು ಕಲ್ಲು. ಕೈಯಲ್ಲಿ ಹೂವೂ ಇರಲಿಲ್ಲ, ಸುಮ್ಮನೆ ನಿಂತೆ. ಪಕ್ಕದ ಗದ್ದೆಗೆ ನೀರು ತಿರುಗಿಸುತ್ತಿದ್ದ ಮುದುಕರೊಬ್ಬರು ಗುದ್ದಲಿ ಹಿಡಿದು ಹತ್ತಿರ ಬಂದರು. ಹಣೆಯ ಮೇಲೆ ವಿಭೂತಿ. ನನ್ನ ಕೊರಳಿನ ಲಿಂಗದ ದಾರವನ್ನೂ ಗುಡ್ಡೆಯನ್ನೂ ನೋಡಿದರು.

"ಯಾರಾಗ್ಬೇಕವ್ವಾ ನಿಮಗೆ?"

"ನಮ್ಮನೇಲಿ ರೊಟ್ಟಿ ಬಡೀತಿದ್ರು," ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನಿಮ್ಮನೇಲಾ? ನೀವು ತಿಂತಿದ್ರಾ?"

"ತಿಂತಿದ್ದೆ ಅಜ್ಜಾ. ನಮ್ಮವ್ವಾನೂ ತಿಂತಿದ್ಲು. ಗೊತ್ತಿದ್ದೇ ತಿಂತಿದ್ಲು."

ಅವರು ನನ್ನನ್ನು ಇನ್ನೊಂದು ಸಲ ನೋಡಿ, ಗದ್ದೆಗಿಳಿದು, ನೀರನ್ನು ಇನ್ನೊಂದು ಮಡಿಗೆ ತಿರುಗಿಸಿದರು.